ಹಳೆಯ ಬೆಳ್ಳಿ ರೂಪಾಯಿ ಮಾರುವ ಮೊದಲು ಇಸವಿ ನೋಡಿ

ಮನೆಯ ಪೆಟ್ಟಿಗೆಯಲ್ಲಿ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳಿದ್ದು, ಅವನ್ನು ಮಾರಲೇಬೇಕಾದ ಪರಿಸ್ಥಿತಿ ಬಂದಿದ್ದರೆ, ದಯವಿಟ್ಟು ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಸುರಿಯಲು ಬಿಡಬೇಡಿ. ನಮ್ಮ ದೊಡ್ಡಮ್ಮನಿಗೆ ಆದ ಅನ್ಯಾಯ ಶುರುವಾದದ್ದೇ ಅಲ್ಲಿಂದ.

ದೊಡ್ಡಪ್ಪನ ಶಸ್ತ್ರಚಿಕಿತ್ಸೆಗೆ ಹಣ ಸಾಲದೆ ಬಂದಾಗ ಅವರು ಅತ್ತೆಯ ಕಾಲದ ರೂಪಾಯಿಗಳ ಗಂಟನ್ನು ಬೆಳ್ಳಿ ಅಂಗಡಿಯೊಂದಕ್ಕೆ ಒಯ್ದರು. ಅಂಗಡಿಯವನು ಗಂಟಿನಿಂದ ಒಂದು ನಾಣ್ಯ ಆರಿಸಿ, ಅಂಚನ್ನು ಅರದಿಂದ ಉಜ್ಜಿ, ಒರೆಗಲ್ಲಿಗೆ ಹಚ್ಚಿ ತೋರಿಸಿದ. "ನೋಡಿ ಅಮ್ಮಾ, 1944ರದು. ಅರ್ಧ ಮಾತ್ರ ಬೆಳ್ಳಿ. ಆ ಕಾಲದ ರೂಪಾಯಿಗಳೆಲ್ಲ ಹೀಗೆಯೇ" ಎಂದ. ಎಲ್ಲವನ್ನೂ ಒಟ್ಟಿಗೆ ತೂಗಿ, ಅರ್ಧ ಬೆಳ್ಳಿಯ ಲೆಕ್ಕ ಹಾಕಿ, ಅದರಲ್ಲೂ ಕರಗಿಸುವಾಗಿನ ನಷ್ಟವೆಂದು ಒಂದಿಷ್ಟು ಮುರಿದುಕೊಂಡು ಹಣ ಎಣಿಸಿದ.

1944ರ ರೂಪಾಯಿಯ ಮಟ್ಟಿಗೆ ಅವನು ಹೇಳಿದ್ದು ನಿಜ. ಮೋಸ ಇದ್ದದ್ದು "ಎಲ್ಲ ಹೀಗೆಯೇ" ಎಂಬ ಮಾತಿನಲ್ಲಿ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಅದೇ ನಾಣ್ಯಗಳನ್ನು ತಟ್ಟೆಯಲ್ಲಿ ಹರಡಿ ತೆಗೆದ ಫೋಟೋ ನನ್ನ ಮೊಬೈಲಿನಲ್ಲಿತ್ತು. ದೊಡ್ಡದು ಮಾಡಿ ನೋಡಿದರೆ ಅರ್ಧಕ್ಕಿಂತ ಹೆಚ್ಚಿನವು ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್ ಮತ್ತು ಐದನೇ ಜಾರ್ಜ್ ಮುಖದವು.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಪ್ರತಿ ಮನೆಗೂ ಗೊತ್ತಿರಬೇಕು. 1835ರಿಂದ 1939ರ ವರೆಗೆ ಟಂಕಿಸಿದ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಸವೆಯದ ನಾಣ್ಯವೊಂದರಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ ಸಿಗುತ್ತದೆ. ಎರಡನೇ ಮಹಾಯುದ್ಧ ಶುರುವಾಗಿ ಜನ ಬೆಳ್ಳಿ ರೂಪಾಯಿಗಳನ್ನು ಕೂಡಿಡತೊಡಗಿದಾಗ, ಸರ್ಕಾರ 1940ರಲ್ಲಿ ಬೆಳ್ಳಿಯನ್ನು ನೂರಕ್ಕೆ 50ಕ್ಕೆ ಇಳಿಸಿತು. ಉಳಿದದ್ದು 40 ಭಾಗ ತಾಮ್ರ, ತಲಾ 5 ಭಾಗ ನಿಕ್ಕಲ್ ಮತ್ತು ಸತು. ತೂಕ ಮಾತ್ರ ಅದೇ 11.66 ಗ್ರಾಂ. 1945ರ ವರೆಗಿನ ಈ ರೂಪಾಯಿಗಳಲ್ಲಿ ಶುದ್ಧ ಬೆಳ್ಳಿ 5.83 ಗ್ರಾಂ. 1947ರ ರೂಪಾಯಿಯಂತೂ ಪೂರಾ ನಿಕ್ಕಲ್. ಬೆಳ್ಳಿಯ ಸುಳಿವೂ ಇಲ್ಲ, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ.

ಆರನೇ ಜಾರ್ಜ್ ಮುಖದ ರೂಪಾಯಿ ಈ ಮೂರೂ ಬಗೆಯಲ್ಲಿದೆ. ಹಾಗಾಗಿ ರಾಜನ ಮುಖ ನೋಡಿ ಬೆಲೆ ಕಟ್ಟಲು ಬರುವುದಿಲ್ಲ, ಇಸವಿಯನ್ನೇ ನೋಡಬೇಕು. ಅವನ ಹೆಸರಿನ 1938 ಮತ್ತು 1939ರ ರೂಪಾಯಿಗಳು ಹಳೆಯ ಗಟ್ಟಿ ಬೆಳ್ಳಿಯವು. ಅದರಲ್ಲೂ 1939ರದು ಬಹಳ ಅಪರೂಪ. ಸಂಗ್ರಾಹಕರು ಅದಕ್ಕೆ ಕೊಡುವ ಬೆಲೆಗೂ ಅದರೊಳಗಿನ ಬೆಳ್ಳಿಯ ಬೆಲೆಗೂ ಸಂಬಂಧವೇ ಇಲ್ಲ. ಅಂಥದ್ದು ಕೈಗೆ ಸಿಕ್ಕರೆ ಮೊದಲು ಅದರ ಸಾಚಾತನ ಪರೀಕ್ಷಿಸಿಕೊಳ್ಳಿ, ಏಕೆಂದರೆ ನಕಲಿಗಳೂ ಅಂಥವುಗಳದ್ದೇ ಬರುವುದು.

ಈಗ ನಷ್ಟದ ಲೆಕ್ಕ ನೀವೇ ಹಾಕಿ. ಹತ್ತು ವಿಕ್ಟೋರಿಯಾ ರೂಪಾಯಿಗಳಲ್ಲಿ ಹತ್ತಿರ ಹತ್ತಿರ 107 ಗ್ರಾಂ ಬೆಳ್ಳಿ. ಅರ್ಧ ಬೆಳ್ಳಿಯ ಲೆಕ್ಕದಲ್ಲಿ ಕೊಟ್ಟರೆ ಕೈಗೆ ಬರುವುದು 58 ಗ್ರಾಂ ಬೆಳ್ಳಿಯ ಹಣ. ಕೈ ಬದಲಾಗಿ ಸವೆದ ನಾಣ್ಯದಲ್ಲಿ ತೂಕ ತುಸು ಕಡಿಮೆಯಾಗಿರುವುದು ನಿಜ. ಆದರೆ ಸವೆತ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸುವುದಿಲ್ಲ.

ಫೋಟೋ ಹಿಡಿದುಕೊಂಡು ನಾನು ಆ ಅಂಗಡಿಗೆ ಹೋದೆ. ಕರಗಿಸಿ ಆಯಿತು ಎಂಬ ಉತ್ತರ ಬಂತು. ದೊಡ್ಡಮ್ಮನಿಗೆ ಕೊಟ್ಟಿದ್ದ ಚೀಟಿಯಲ್ಲಿ ಇದ್ದದ್ದು "ಹಳೆ ಬೆಳ್ಳಿ" ಎಂಬ ಎರಡು ಪದ, ಒಟ್ಟು ತೂಕ, ಮೊತ್ತ. ನಾಣ್ಯ ಎಂಬ ಮಾತೇ ಇಲ್ಲ, ಇಸವಿ ಇಲ್ಲ, ಎಷ್ಟು ಶುದ್ಧತೆಯ ಲೆಕ್ಕ ಹಿಡಿದರೆಂಬುದೂ ಇಲ್ಲ. ಒಂದು ತಲೆಮಾರು ಜತನದಿಂದ ಕಾಪಾಡಿದ್ದ ರೂಪಾಯಿಗಳು ಗಟ್ಟಿಯಾಗಿ ಹೋದ ಮೇಲೆ ಯಾವುದನ್ನು ತೋರಿಸಿ ವಾದ ಮಾಡುವುದು? ದೊಡ್ಡಮ್ಮ ಈಗಲೂ ಆ ವಿಷಯ ಎತ್ತಿದರೆ ಮಾತು ನಿಲ್ಲಿಸಿಬಿಡುತ್ತಾರೆ. ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಶುದ್ಧತೆಯನ್ನು ಮನೆಯಲ್ಲೇ ಒಂದು ಮಟ್ಟಿಗೆ ಅಳೆಯಬಹುದು. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ಹಾಗೆಯೇ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಮೊದಲ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ. ಹಳೆಯ ಗಟ್ಟಿ ಬೆಳ್ಳಿ ರೂಪಾಯಿಗೆ ಅದು ಸುಮಾರು 10.3, ಯುದ್ಧಕಾಲದ ಅರ್ಧ ಬೆಳ್ಳಿಗೆ ಸುಮಾರು 9.5. ಒಂಬತ್ತಕ್ಕಿಂತ ಕೆಳಗೆ ಬಂದರೆ ಬೆಳ್ಳಿಯ ಆಸೆ ಬಿಡಿ. ಜರ್ಮನ್ ಸಿಲ್ವರ್ ಎಂಬ ಲೋಹದಲ್ಲಿ ಬೆಳ್ಳಿ ಇರುವುದೇ ಇಲ್ಲ. ಎಕ್ಸ್-ಕಿರಣ ಹಾಯಿಸಿ ಲೋಹ ಗುರುತಿಸುವ ಅಂಗಡಿಯ ಎಕ್ಸ್‌ಆರ್‌ಎಫ್ ಯಂತ್ರ ಮೇಲ್ಮೈಯನ್ನು ಮಾತ್ರ ಓದುತ್ತದೆ, ಬೆಳ್ಳಿ ಲೇಪದ ನಕಲಿ ಅದನ್ನು ದಾಟಿಬಿಡಬಹುದು. ಆದ್ದರಿಂದ ನೀರಿನ ಪರೀಕ್ಷೆ ಬಿಡಬೇಡಿ.

ಸಣ್ಣ ನಾಣ್ಯಗಳ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. 1919ರಿಂದ ಕೆಲವು ವರ್ಷ ಬಂದ ಎಂಟಾಣೆ, ನಾಲ್ಕಾಣೆಗಳು ತಾಮ್ರ ಮತ್ತು ನಿಕ್ಕಲ್ ಬೆರೆತವು. 1946ರ ಅರ್ಧ, ಕಾಲು ರೂಪಾಯಿಗಳು ಬರೀ ನಿಕ್ಕಲ್.

ಬೀದರ್, ಕಲಬುರಗಿ, ರಾಯಚೂರು ಕಡೆಯವರ ಮನೆಗಳಲ್ಲಿ ಚಾರ್‌ಮಿನಾರ್ ಚಿತ್ರದ ನಿಜಾಮರ ರೂಪಾಯಿಗಳೂ ಇರುತ್ತವೆ. ಅವುಗಳ ಲೆಕ್ಕವೇ ಬೇರೆ: ತೂಕ ಸುಮಾರು 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8. ಯುದ್ಧದ ವರ್ಷಗಳಲ್ಲಿ ಅವೂ ಅರ್ಧ ಬೆಳ್ಳಿಗೆ ಇಳಿದವು. ಅವುಗಳ ಮೇಲಿರುವುದು ಹಿಜರಿ ಇಸವಿ, ಓದಲು ಬಲ್ಲವರನ್ನು ಕೇಳಿಕೊಳ್ಳಿ.

ಮಾರುವುದೇ ಆದರೆ ನಾಣ್ಯದ ಎರಡೂ ಬದಿಯ ಫೋಟೋ ತೆಗೆದು, ಇಸವಿವಾರು ಪಟ್ಟಿ ಬರೆದುಕೊಂಡು ಹೋಗಿ. ಹುಣಸೆಹಣ್ಣು, ಪುಡಿ ಹಾಕಿ ತಿಕ್ಕಬೇಡಿ; ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ. 1939ರ ವರೆಗಿನವನ್ನು ಒಂದು ಚೀಲದಲ್ಲಿ, 1940ರಿಂದ 1945ರ ವರೆಗಿನವನ್ನು ಇನ್ನೊಂದರಲ್ಲಿ ಇಟ್ಟು ಬೇರೆ ಬೇರೆಯಾಗಿಯೇ ತೂಗಿಸಿ. 1940 ಬೆಳ್ಳಿ ಇಳಿದ ವರ್ಷ, ಹಾಗಾಗಿ ಆ ಇಸವಿಯ ಅರ್ಧ, ಕಾಲು ರೂಪಾಯಿಗಳನ್ನು ಪರೀಕ್ಷಿಸದೆ ಯಾವ ಚೀಲಕ್ಕೂ ಹಾಕಬೇಡಿ. ಚೀಟಿಯಲ್ಲಿ ನಾಣ್ಯಗಳ ಸಂಖ್ಯೆ, ಇಸವಿ, ಹಿಡಿದ ಶುದ್ಧತೆ ಬರೆದುಕೊಡಲು ಒಪ್ಪದ ಅಂಗಡಿಯಿಂದ ನಾಣ್ಯಗಳನ್ನು ವಾಪಸು ಕಟ್ಟಿಕೊಂಡು ಬನ್ನಿ.