ಎಂಎಂಪಿಐ, ಪಿಎಐ, ಎಂಸಿಎಂಐ: ನನ್ನ ಕ್ಲಿನಿಕ್‌ನಲ್ಲಿ ಯಾವುದು ಕೆಲಸಕ್ಕೆ ಬಂತು?

ವ್ಯಕ್ತಿತ್ವ ಅಳೆಯುವ ಈ ಮೂರೂ ಪರೀಕ್ಷೆಗಳನ್ನು ನಾನು ಕ್ಲಿನಿಕ್‌ನಲ್ಲಿ ಬಳಸಿದ್ದೇನೆ. ಬೇರೆಯವರಿಗೆ ಕೊಡುವ ಮೊದಲು ನಾನೇ ಕೂತು ತುಂಬಿಯೂ ನೋಡಿದ್ದೇನೆ. ಒಂದನ್ನೇ ಇಟ್ಟುಕೊಳ್ಳಿ ಅಂದರೆ ನನ್ನ ಆಯ್ಕೆ ಪಿಎಐ (ಪರ್ಸನಾಲಿಟಿ ಅಸೆಸ್‌ಮೆಂಟ್ ಇನ್ವೆಂಟರಿ). (ಪರೀಕ್ಷೆಯ ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಹೊರಗೆ ಹರಡಿದರೆ ಪರೀಕ್ಷೆಯೇ ಹಾಳು.)

ಎಲ್ಲಕ್ಕಿಂತ ಹಳೆಯದು ಎಂಎಂಪಿಐ (ಮಿನ್ನೆಸೋಟಾ ಮಲ್ಟಿಫೇಸಿಕ್ ಪರ್ಸನಾಲಿಟಿ ಇನ್ವೆಂಟರಿ). ಮಿನ್ನೆಸೋಟಾ ವಿಶ್ವವಿದ್ಯಾಲಯದ ಹ್ಯಾಥವೇ ಮತ್ತು ಮೆಕಿನ್ಲಿ ಅದನ್ನು 1943ರಲ್ಲಿ ಹೊರತಂದರು. ನಾನು ಬಳಸಿದ್ದು 1989ರ ಎರಡನೇ ಆವೃತ್ತಿ. ಅದರಲ್ಲಿ 567 ಹೇಳಿಕೆ. ಪ್ರತಿಯೊಂದಕ್ಕೂ ನಿಜ ಅಥವಾ ಸುಳ್ಳು, ಎರಡೇ ದಾರಿ. ಖಿನ್ನತೆ ಇರುವವರು ಅರ್ಧಕ್ಕೇ ಸುಸ್ತಾಗಿ ಪೆನ್ನು ಕೆಳಗಿಡುತ್ತಾರೆ. ‘ಒಂದೊಂದು ಸಲ ಹೌದು, ಒಂದೊಂದು ಸಲ ಇಲ್ಲ. ಏನು ಹಾಕಲಿ ಮೇಡಂ?’ ಅಂತ ಕೇಳದವರೇ ಕಡಿಮೆ.

ಲೆಸ್ಲಿ ಮೋರೆ 1991ರಲ್ಲಿ ತಂದ ಪಿಎಐನಲ್ಲಿ 344 ಹೇಳಿಕೆ. ಸುಳ್ಳು, ಸ್ವಲ್ಪ ನಿಜ, ಬಹುಪಾಲು ನಿಜ, ತುಂಬಾ ನಿಜ ಎಂದು ನಾಲ್ಕು ಉತ್ತರ. ಆ ಪ್ರಶ್ನೆ ಅಲ್ಲಿಗೇ ನಿಂತಿತು.

ಆದರೆ ನನಗೆ ಪಿಎಐ ಹಿಡಿಸಿದ್ದು ಅದಕ್ಕಿಂತ ಜಾಸ್ತಿ ಇನ್ನೊಂದು ಕಾರಣಕ್ಕೆ. ನಮ್ಮಲ್ಲಿ ಬೇಜಾರು ಮೊದಲು ಮೈಯಲ್ಲೇ ಮಾತಾಡುತ್ತದೆ. ತಲೆ ಭಾರ, ಎದೆ ಉರಿ, ಮೈಕೈ ನೋವು, ನಿದ್ದೆ ಇಲ್ಲ. ಎಂಎಂಪಿಐ-2ರಲ್ಲಿ ಒಂದೇ ಹೇಳಿಕೆ ಹಲವು ಅಳತೆಗಳಲ್ಲಿ (ಅಳತೆ ಅಂದರೆ ಒಂದು ತೊಂದರೆಯನ್ನು ಅಳೆಯುವ ಹೇಳಿಕೆಗಳ ಗುಂಪು) ಲೆಕ್ಕಕ್ಕೆ ಬರುತ್ತದೆ. ದೇಹದ ಕಾಯಿಲೆಯ ಚಿಂತೆ ನೋಡುವ ಒಂದನೇ ಅಳತೆಯ 32 ಹೇಳಿಕೆಗಳಲ್ಲಿ 20, ಮನಸ್ಸಿನ ಒತ್ತಡ ದೇಹದ ತೊಂದರೆಯಾಗಿ ಕಾಣುವುದನ್ನು ನೋಡುವ ಮೂರನೆಯದರಲ್ಲೂ ಇವೆ. ಥೈರಾಯ್ಡ್ ಇರುವ ಒಬ್ಬರು ಪ್ರಾಮಾಣಿಕವಾಗಿ ತುಂಬಿದರೂ ಎರಡೂ ಒಟ್ಟಿಗೆ ಮೇಲೇರುತ್ತವೆ. ಏರಿದ್ದು ಯಾಕೆ ಅಂತ ಬಿಡಿಸಿ ನೋಡುವುದೇ ದೊಡ್ಡ ಕೆಲಸ. ಪಿಎಐನಲ್ಲಿ ಒಂದು ಹೇಳಿಕೆ ಒಂದೇ ಅಳತೆಗೆ. ಖಿನ್ನತೆಯ 24 ಹೇಳಿಕೆಗಳು ಮೂರು ಪಾಲಾಗಿವೆ: ಯೋಚನೆ, ಭಾವನೆ, ದೇಹ, ತಲಾ ಎಂಟು. ದೇಹದ ಪಾಲು ಮಾತ್ರ ಎತ್ತರ ಇದ್ದು ಉಳಿದೆರಡು ತಗ್ಗಿದ್ದರೆ ನಾನು ಮೊದಲು ರಕ್ತ ಪರೀಕ್ಷೆಯ ವರದಿ ಕೇಳುತ್ತೇನೆ. ‘ನಾನು ಯಾವುದಕ್ಕೂ ಬಾರದವಳು’ ಅನ್ನುವ ಯೋಚನೆಯ ಪಾಲು ಏರಿದ್ದರೆ ಅವತ್ತಿನ ಮಾತುಕತೆಯೇ ಬೇರೆ.

ಉತ್ತರ ನಂಬಬಹುದಾ ಎಂದು ತಿಳಿಯಬೇಕಾದಾಗ ಮಾತ್ರ ನಾನು ಎಂಎಂಪಿಐ ಕಡೆಗೇ ವಾಲುತ್ತೇನೆ. ಪರಿಹಾರದ ಕೇಸು, ಕೋರ್ಟಿನ ವಿಷಯ, ಕೆಲಸಕ್ಕೆ ಅರ್ಹತೆ, ಇಂಥ ಕಡೆ. ಯಾರೂ ಪೂರ್ತಿಯಾಗಿ ಪಾಲಿಸಲಾಗದ ಸಣ್ಣಪುಟ್ಟ ಒಳ್ಳೆಯತನಗಳನ್ನೆಲ್ಲ ‘ನನ್ನಲ್ಲಿದೆ’ ಅನ್ನುವವರನ್ನು ಅದರ 15 ಹೇಳಿಕೆಗಳ ಎಲ್ ಅಳತೆ ಹಿಡಿಯುತ್ತದೆ. ಕಷ್ಟವನ್ನು ಹೆಚ್ಚು ಮಾಡಿ ಹೇಳುವುದಕ್ಕೆ, ಸುಮ್ನೆ ಗೀಚುವುದಕ್ಕೆ ಬೇರೆ ಬೇರೆ ಅಳತೆಗಳಿವೆ. ಪಿಎಐನಲ್ಲೂ ನಾಲ್ಕಿವೆ, ಆದರೆ ಅಷ್ಟು ಆಳ ಇಲ್ಲ. 2020ರ ಎಂಎಂಪಿಐ-3 ಈಗ 335 ಹೇಳಿಕೆಗೆ ಇಳಿದಿದೆ. ಉದ್ದದ ದೂರು ಅದಕ್ಕೆ ಅನ್ವಯಿಸುವುದಿಲ್ಲ.

ಇನ್ನು ಥಿಯೋಡರ್ ಮಿಲನ್ ಅವರ ಎಂಸಿಎಂಐ (ಮಿಲನ್ ಕ್ಲಿನಿಕಲ್ ಮಲ್ಟಿಆ್ಯಕ್ಸಿಯಲ್ ಇನ್ವೆಂಟರಿ). ನಾಲ್ಕನೇ ಆವೃತ್ತಿಯಲ್ಲಿ 195 ಹೇಳಿಕೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ವ್ಯಕ್ತಿತ್ವದ ತೊಂದರೆಗಳ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಹೇಳುವುದು ಬೇರೊಂದಿಲ್ಲ. ಆದರೆ ಇದರ ಅಂಕಗಳು ಚಿಕಿತ್ಸೆಯಲ್ಲಿರುವವರ ಜೊತೆ ಹೋಲಿಸಿ ಬಂದವು. ಆರಾಮಾಗಿರುವವರಿಗೆ ಕೊಟ್ಟರೆ ಇಲ್ಲದ ಕಾಯಿಲೆ ಕಾಣಿಸುತ್ತದೆ. ವಿಚ್ಛೇದನದ ಜಗಳದಲ್ಲಿ ಮಗು ಯಾರ ಬಳಿ ಇರಬೇಕು ಅನ್ನುವ ಪ್ರಶ್ನೆಗೆ ಇದನ್ನು ಬಳಸುವುದು ನನ್ನ ಮಟ್ಟಿಗೆ ಅನ್ಯಾಯ.

ಮೂರನ್ನೂ ನಾನು ಇಂಗ್ಲಿಷ್ ಸಲೀಸಾಗಿ ಓದುವವರಿಗೆ ಮಾತ್ರ ಕೊಡುತ್ತೇನೆ. ಪಿಎಐನ ಭಾಷೆ ನಾಲ್ಕನೇ ತರಗತಿಯ ಮಟ್ಟದ್ದು, ಆದರೆ ಅದು ಅಮೆರಿಕದ ನಾಲ್ಕನೇ ತರಗತಿ, ಅಲ್ವಾ? ಕೂತಲ್ಲೇ ಕನ್ನಡ ಮಾಡಿ ಹೇಳುತ್ತಾ ಹೋದರೆ ಅದು ಬೇರೆಯೇ ಪರೀಕ್ಷೆ ಆಗಿಬಿಡುತ್ತದೆ. ಯಾರ ಉತ್ತರಗಳ ಜೊತೆ ನಮ್ಮವರ ಅಂಕ ಹೋಲಿಸುತ್ತೇವೋ ಆ ಜನರೂ ಅಲ್ಲಿಯವರೇ: ಎಂಎಂಪಿಐ-2ಕ್ಕೆ 2,600 ಮಂದಿ, ಪಿಎಐಗೆ 1,000. ಹಾಗಾಗಿ ಗೆರೆ ದಾಟಿದ ಅಂಕ ನೋಡಿದ ಕೂಡಲೇ ವರದಿಯಲ್ಲಿ ಕಾಯಿಲೆಯ ಹೆಸರು ಬರೆಯುವುದಿಲ್ಲ. ‘ಅವಳಿಗೆ ಗೊತ್ತಾಗಲ್ಲ, ನಾನೇ ತುಂಬ್ತೀನಿ’ ಅನ್ನುವ ಗಂಡಂದಿರನ್ನು ಹೊರಗೆ ಕೂರಿಸುತ್ತೇನೆ. ಆತ್ಮಹತ್ಯೆಯ ಹೇಳಿಕೆಗಳಿಗೆ ‘ಸ್ವಲ್ಪ ನಿಜ’ ಅಂತ ಗುರುತು ಬಿದ್ದಿದ್ದರೂ ಸಾಕು, ಅಂಕ ಕೂಡಿಸುವ ಮೊದಲೇ, ಅವರು ಮನೆಗೆ ಹೊರಡುವ ಮುಂಚೆ, ನೇರವಾಗಿ ಕೇಳುತ್ತೇನೆ.