ಹಳೇ ಹಲಗೆಯೋ, ಅಗಲ ಹಲಗೆಯೋ?

ಹದಿನಾಲ್ಕು ವರ್ಷ ಬಿಟ್ಟು ಮತ್ತೆ ವಿಂಡ್‌ಸರ್ಫಿಂಗ್‌ಗೆ, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಲ್ಲಿ ನೀರ ಮೇಲೆ ಸಾಗುವ ಆಟಕ್ಕೆ, ಇಳಿದಿದ್ದೇನೆ. ಜಾಗ, ಮ್ಯೂನಿಕ್‌ನ ದಕ್ಷಿಣಕ್ಕೆ ಆಲ್ಪ್ಸ್ ಮಡಿಲಲ್ಲಿ ಸುಮಾರು 800 ಮೀಟರ್ ಎತ್ತರದಲ್ಲಿರುವ ವಾಲ್ಶೆನ್ ಸರೋವರ. ಈ ಬೇಸಿಗೆ ಮೂರು ಹಲಗೆ ಹತ್ತಿ ನೋಡಿದೆ: ನೆಲಮಾಳಿಗೆಯಲ್ಲಿ ಮಲಗಿದ್ದ ನನ್ನದೇ 105 ಲೀಟರಿನದು (ಹಲಗೆಯ ಗಾತ್ರವನ್ನು ಲೀಟರಿನಲ್ಲೇ ಅಳೆಯುವುದು), ಬಾಡಿಗೆಯ 175 ಲೀಟರಿನ ಅಗಲ ಹಲಗೆ, ಗೆಳೆಯನ ಗಾಳಿ ತುಂಬುವ ಹಲಗೆ.

ಮೊದಲು ಇಲ್ಲಿನ ಗಾಳಿಯ ಸ್ವಭಾವ ಹೇಳಬೇಕು. ಅದಕ್ಕೆ ಬಿಸಿಲೇ ಯಜಮಾನ. ಬೆಟ್ಟದ ಮೈ ಕಾದು ಬಿಸಿಗಾಳಿ ಮೇಲೇರಿದರೆ, ಬಯಲಿನ ತಂಪುಗಾಳಿ ಉತ್ತರದಿಂದ ಒಳಗೆ ನುಗ್ಗುತ್ತದೆ. ಮೋಡ ಕವಿದರೆ ಬುತ್ತಿ ಬಿಚ್ಚಿ ಕೂರುವುದೇ. ಬೀಸಿದಾಗಲೂ ಕಡಲಿನ ಹಾಗೆ ಒಂದೇ ಸಮ ಬೀಸುವುದಿಲ್ಲ. ಬೆಟ್ಟದ ಮರೆಯಲ್ಲಿ ಹಾಯಿ ಒದ್ದೆ ಪಂಚೆಯಂತೆ ಜೋತುಬೀಳುತ್ತದೆ, ಮರುಕ್ಷಣ ತೋಳು ಕಿತ್ತುಬರುವಂತೆ ಎಳೆಯುತ್ತದೆ.

ನನ್ನ ಹಳೇ ಹಲಗೆ ಸೋತಿದ್ದು ಇಲ್ಲೇ. ಲೀಟರಿಗೆ ಒಂದು ಕಿಲೋ ತೇಲುತ್ತದೆ. ನಾನು ಈಗ 84 ಕಿಲೋ (ಆಗ 70 ಇದ್ದೆ, ಹೋಗಲಿ ಬಿಡಿ), ಹಲಗೆ 8, ಹಾಯಿ-ಕಂಬ ಸೇರಿ 9. ಒಟ್ಟು 101. ಮಿಕ್ಕಿದ್ದು ಬರೀ ನಾಲ್ಕು ಕಿಲೋ, ಹಾಗಾಗಿ ಗಾಳಿ ನಿಂತ ಕೂಡಲೇ ಹಲಗೆ ನೀರಿನ ಮಟ್ಟಕ್ಕೆ ಇಳಿದು, ಸ್ವಲ್ಪ ವಾಲಿದರೂ ಒಂದು ತುದಿ ಮುಳುಗುತ್ತಿತ್ತು. ಹಗ್ಗ ಎಳೆದು ಹಾಯಿ ಎತ್ತುವುದು, ಬೀಳುವುದು, ಮತ್ತೆ ಎತ್ತುವುದು. ದಡದಿಂದ ಹೆಂಡತಿ ಕೂಗಿದಳು: “ಏನ್ರೀ, ಇದು ಸರ್ಫಿಂಗೋ ಸ್ನಾನವೋ?” ಜುಲೈನಲ್ಲೂ ಆ ನೀರು ಎಷ್ಟು ತಣ್ಣಗೆಂದರೆ ಉತ್ತರ ಕೊಡುವಷ್ಟು ಉಸಿರಿರಲಿಲ್ಲ. ಆದರೆ ಒಂದು ಮಧ್ಯಾಹ್ನ ಗಾಳಿ ಒಂದೇ ಸಮ ಜೋರಾಗಿ ಬೀಸಿದಾಗ ಹಲಗೆ ನೀರು ಬಿಟ್ಟು ಮೇಲೆದ್ದು ಜಾರಿತು ನೋಡಿ! ಎರಡು ನಿಮಿಷ. ಆ ಎರಡು ನಿಮಿಷಕ್ಕೆ ಅದನ್ನು ಇನ್ನೂ ಮಾರಿಲ್ಲ.

175ರ ಮೇಲೆ ಮೊದಲ ಅರ್ಧ ಗಂಟೆ ನನಗೆ ನಾಚಿಕೆ; ಪಕ್ಕದಲ್ಲೇ ಮಕ್ಕಳು ಅಂಥದ್ದರಲ್ಲೇ ಕಲಿಯುತ್ತಿದ್ದರು. ಆದರೆ ನಡುವೆ ಕೆಳಕ್ಕೆ ಇಳಿಯುವ ಡ್ಯಾಗರ್‌ಬೋರ್ಡ್ ಇದೆಯಲ್ಲ, ಅದು ಪಕ್ಕಕ್ಕೆ ಜಾರಲು ಬಿಡುವುದಿಲ್ಲ. ಹೀಗಾಗಿ ನಿಧಾನದ ಗಾಳಿಯಲ್ಲೂ ಗಾಳಿಗೆದುರಾಗಿ ಓರೆಓರೆಯಾಗಿ ಏರಿ, ಹೊರಟ ಜಾಗಕ್ಕೇ ವಾಪಸ್ ಬಂದೆ. ಹಳೆಯದರಲ್ಲಿ ಪ್ರತಿ ಸಲವೂ ಎಲ್ಲೋ ದಡ ಸೇರಿ, ಹಲಗೆ ಹೊತ್ತು ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಗಾಳಿ ಸತ್ತಾಗ ಸುಮ್ಮನೆ ನಿಂತುಕೊಳ್ಳಬಹುದು ಎಂಬುದೇ ದೊಡ್ಡ ಸುಖ.

ಗಾಳಿ ತುಂಬುವ ಹಲಗೆ ಮಡಚಿದರೆ ಕಾರಿನ ಡಿಕ್ಕಿಯೊಳಗೆ ಹೋಗುತ್ತದೆ, ಅದೊಂದೇ ಅದರ ಗುಣ. ಕಂಬದ ಬುಡದಲ್ಲಿ ಮೆತ್ತಗೆ ಬಾಗುತ್ತದೆ. ಅಲೆಯೆದ್ದರೆ ಹಾಸಿಗೆಯ ಮೇಲೆ ನಿಂತ ಹಾಗೆ.

ಫಾಯಿಲ್ ಹಲಗೆ, ಅಂದರೆ ನೀರೊಳಗಿನ ರೆಕ್ಕೆಯ ಬಲದಿಂದ ನೀರಿನ ಮೇಲಕ್ಕೇಳುವ ಹಲಗೆ, ಹತ್ತಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್ ವಿಂಡ್‌ಸರ್ಫಿಂಗ್ ನಡೆದದ್ದೇ ಅದರಲ್ಲಿ, ಕಡಿಮೆ ಗಾಳಿಗೂ ಮೇಲೇಳುತ್ತದೆ, ಎಲ್ಲ ನಿಜ. ನನ್ನ ಮೊಣಕಾಲು ಒಪ್ಪಬೇಕಲ್ಲ.

ಈಗ ಸೆಕೆಂಡ್‌ಹ್ಯಾಂಡ್ 170ರ ಆಸುಪಾಸಿನದೊಂದು ಹುಡುಕುತ್ತಿದ್ದೇನೆ. ಬಣ್ಣ ಹೋಗಿದ್ದರೂ ಚಿಂತೆಯಿಲ್ಲ, ಡ್ಯಾಗರ್‌ಬೋರ್ಡ್ ಸಂದಿಯ ರಬ್ಬರು ಹರಿದಿರಬಾರದು ಅಷ್ಟೇ.