ಕಾಫಿ ತೋಟದಲ್ಲಿ ಲೈವ್ ಶೋ ಅಂತ ಟಿಕೆಟ್ ತಗೊಳ್ಳುವ ಮುಂಚೆ

2009ರಲ್ಲಿ ಬೆಂಗಳೂರಿನ ಒಂದು ಚಿಕ್ಕ ಹಾಲ್‌ನಲ್ಲಿ, ನೆಲದ ಮೇಲೆ ಕೂತು ಒಂದು ಆ್ಯಂಬಿಯೆಂಟ್ ಬ್ಯಾಂಡ್ ಕೇಳಿದ್ದೆ. ಮೆಲ್ಲಗೆ, ನಿಧಾನವಾಗಿ ಹರಡುವ ಸಂಗೀತ ಅದು. ಐವತ್ತು ಜನ ಇದ್ದೆವೋ ಏನೋ. ಒಂದು ಸ್ವರ ಎದ್ದು, ತೆಳುವಾಗುತ್ತಾ, ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣಗಾಗುವವರೆಗೆ ಯಾರೂ ಕೆಮ್ಮಲಿಲ್ಲ. ಆಮೇಲೆ ಅಪ್ಪ ಆಸ್ಪತ್ರೆಯಲ್ಲಿದ್ದ ರಾತ್ರಿಗಳಲ್ಲಿ ಅದೇ ಸಂಗೀತ ಇಯರ್‌ಫೋನ್‌ನಲ್ಲಿ ನನ್ನ ಜೊತೆಗಿತ್ತು.

ಆ ಬ್ಯಾಂಡ್‌ನವರು ಕೊಡಗಿಗೇ ಬರುತ್ತಾರೆ, ಸಿದ್ದಾಪುರ ಕಡೆಯ ಒಂದು ತೋಟದಲ್ಲಿ ನುಡಿಸುತ್ತಾರೆ ಅಂದಾಗ ಕುಶಾಲನಗರದಲ್ಲಿರುವ ನಾನು ಹಿಂದೆ ಮುಂದೆ ನೋಡಲಿಲ್ಲ. ತಲಾ 2,800 ರೂಪಾಯಿ, ಮೂರು ಟಿಕೆಟ್. ಮೈಸೂರಿನಿಂದ ತಂಗಿಯನ್ನೂ ಅವಳ ಗೆಳತಿಯನ್ನೂ ಕರೆಸಿದೆ.

ಮಾರ್ಚ್ ಕೊನೆ. ಹೂ ಮಳೆ ಬಿದ್ದು ವಾರ ಕಳೆದಿತ್ತು, ತೋಟವೆಲ್ಲ ಬೆಳ್ಳಗೆ ಅರಳಿ ಘಮ್ ಅನ್ನುತ್ತಿತ್ತು. ಇಂಥ ಸಂಗೀತಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಾ ಅನ್ನಿಸಿತು. ಸ್ಟೇಜ್ ಹಿಂದೆ ಡೀಸೆಲ್ ಜನರೇಟರ್ ಶುರುವಾಗುವವರೆಗೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕರೆಂಟ್ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಆ ಏರಿಳಿತವೇ ಸ್ಪೀಕರ್ ಒಳಗೆ ಸೇರಿ ಗುಂಯ್ ಅನ್ನುತ್ತದೆ. ರಾಕ್ ಶೋನಲ್ಲಿ ಡ್ರಮ್ಸ್ ಸದ್ದಿಗೆ ಅದು ಮುಚ್ಚಿಹೋಗುತ್ತದೆ. ಆ್ಯಂಬಿಯೆಂಟ್‌ನಲ್ಲಿ ಮುಚ್ಚಲು ಏನೂ ಇಲ್ಲ. 1978ರಲ್ಲಿ ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋ ಈ ಹೆಸರನ್ನು ಬಳಕೆಗೆ ತಂದಾಗಿನಿಂದಲೂ ಇದು ಮೆಲ್ಲಗೆ ಕೇಳುವ ಸಂಗೀತ. ಇದರಲ್ಲಿ ಮೌನಕ್ಕೂ ಸ್ವರದಷ್ಟೇ ಬೆಲೆ. ಇಲ್ಲಿ ಪ್ರತಿ ಮೌನದಲ್ಲೂ ಆ ಗುಂಯ್ ಕೂತಿತ್ತು. ಹೊರಗೆ ಜನರೇಟರ್ ಸದ್ದು ಬೇರೆ. ಸೌಂಡ್ ನೋಡಿಕೊಳ್ಳುವ ಹುಡುಗನಿಗೆ ಹೇಳಿದೆ. ಅವನು ವಾಲ್ಯೂಮ್ ಏರಿಸಿದ. ಗುಂಯ್ ಕೂಡ ಏರಿತು.

ಪೋಸ್ಟರ್‌ನಲ್ಲಿ ಮೂವರ ಫೋಟೊ ಇತ್ತು. ಬಂದವರು ಒಬ್ಬರೇ. ಗಿಟಾರ್ ನುಡಿಸುತ್ತಿದ್ದ ಹೆಂಗಸು ಬ್ಯಾಂಡ್ ಬಿಟ್ಟು ವರ್ಷಗಳಾಗಿವೆಯಂತೆ. ಅವರ ಭಾಗವೆಲ್ಲ ಲ್ಯಾಪ್‌ಟಾಪ್‌ನಿಂದ ಬಂತು. ಆ ಒಬ್ಬರು ಮಾತ್ರ ಮನಸ್ಸಿಟ್ಟು ನುಡಿಸಿದರು. ಅವರ ಮೇಲೆ ನನಗೆ ಕೋಪವಿಲ್ಲ, ಅದಕ್ಕೇ ಬ್ಯಾಂಡ್ ಹೆಸರು ಬರೆಯುತ್ತಿಲ್ಲ.

ಶುರು 6.30ಕ್ಕೆ ಅಂದಿದ್ದರು. ಶುರುವಾಗಿದ್ದು 9.10ಕ್ಕೆ. ಸರ್ಕಾರ ವಿಶೇಷ ವಿನಾಯಿತಿ ಕೊಟ್ಟ ದಿನ ಬಿಟ್ಟರೆ ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. 2000ನೇ ಇಸವಿಯಿಂದಲೇ ಇರುವ ನಿಯಮ ಇದು, ನಡೆಸುವವರಿಗೆ ಗೊತ್ತಿರಬೇಕಲ್ವಾ? ಹತ್ತಕ್ಕೆ ಸರಿಯಾಗಿ ನಿಲ್ಲಿಸಿದರು. ನಾನು ಇಷ್ಟು ವರ್ಷ ಕಾದಿದ್ದ ಆ ಉದ್ದನೆಯ ಹಾಡು ಅರ್ಧಕ್ಕೇ ಕಡಿದುಹೋಯಿತು.

ಇಷ್ಟೇ ಆಗಿದ್ದರೆ ಬೇಜಾರು ಮಾಡಿಕೊಂಡು ಸುಮ್ನೆ ಇರುತ್ತಿದ್ದೆ. ಬರೆಯಲು ಕೂತಿದ್ದು ಆಮೇಲೆ ನಡೆದದ್ದಕ್ಕೆ.

ಪಾರ್ಕಿಂಗ್ ಒಂದೂವರೆ ಕಿಲೋಮೀಟರ್ ದೂರ. ಬರುವಾಗ ಜೀಪ್ ಇತ್ತು, ಹೋಗುವಾಗ ಇಲ್ಲ. ಜನ ಮೊಬೈಲ್ ಟಾರ್ಚ್ ಹಿಡಿದು ತೋಟದ ರಸ್ತೆಯಲ್ಲಿ ನಡೆಯತೊಡಗಿದರು. ಬೆಂಗಳೂರಿನವರೇ ಜಾಸ್ತಿ, ಮಕ್ಕಳೂ ಇದ್ದರು. ಸಿದ್ದಾಪುರ, ನೆಲ್ಯಹುದಿಕೇರಿ ಕಡೆಯ ತೋಟಗಳಲ್ಲಿ ಆನೆ ಓಡಾಡುವುದು ನಮ್ಮೂರಿನವರಿಗೆಲ್ಲ ಗೊತ್ತು. ಕೆಲಸಕ್ಕೆ ಹೋದವರು, ಮನೆಗೆ ಮರಳುತ್ತಿದ್ದವರು ಆನೆ ದಾಳಿಗೆ ಸಿಕ್ಕಿ ಸತ್ತಿದ್ದಾರೆ. ಗೊತ್ತಿದ್ದೂ ನಾನು ನಾಲ್ಕು ಹೆಜ್ಜೆ ಇಟ್ಟಿದ್ದೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಒಬ್ಬರು ಓಡಿ ಬಂದು ತಡೆದರು. ಸಂಜೆ ಅದೇ ರಸ್ತೆ ದಾಟಿ ಆನೆಗಳು ಕೆಳಗಿಳಿದಿದ್ದವಂತೆ. ಅವರ ಜಗಲಿಯಲ್ಲಿ ಒಂದು ಗಂಟೆ ಕೂತೆವು. ಮರ ಮುರಿಯುವ ಸದ್ದು ಎರಡು ಸಲ ಕೇಳಿಸಿತು. ತಂಗಿ ನನ್ನ ಕೈ ಬಿಡಲಿಲ್ಲ. ನಡೆಸುವವರಿಗೆ ಫೋನ್ ಮಾಡೋಣವೆಂದರೆ ನೆಟ್‌ವರ್ಕ್ ಇಲ್ಲ. ಕೊನೆಗೆ ಆ ಮನೆಯವರೇ ಪಿಕಪ್ ತರಿಸಿ ಎಲ್ಲರನ್ನೂ ಕಾರಿನವರೆಗೆ ಬಿಟ್ಟರು.

ಹಾಗಾಗಿ ದಯವಿಟ್ಟು, ದುಡ್ಡು ಕೊಡುವ ಮುಂಚೆ ಕೇಳಿ. ಸ್ಟೇಜ್ ಮೇಲೆ ಯಾರ್ಯಾರು ಇರುತ್ತಾರೆ, ಕಾರು ಎಲ್ಲಿ ನಿಲ್ಲಿಸಬೇಕು, ರಾತ್ರಿ ವಾಪಸ್ ಗಾಡಿ ಇದೆಯಾ. ಉತ್ತರ ಬರಹದಲ್ಲೇ ಇರಲಿ. ಯಾರದೋ ಸ್ವಂತ ನಂಬರ್‌ಗೆ ಯುಪಿಐ ಮಾಡಬೇಡಿ, ನಾನು ಮಾಡಿದ್ದು ಹಾಗೇ. ಟಿಕೆಟ್, ಪೋಸ್ಟರ್ ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗ ನನ್ನ ಹತ್ತಿರ ತೋರಿಸಲು ಇದ್ದದ್ದು ಅಷ್ಟೇ.

ಹಣ ಇನ್ನೂ ವಾಪಸ್ ಬಂದಿಲ್ಲ. ಮೊನ್ನೆ ಶೋ ನಡೆಸಿದವರದೇ ಹೊಸ ಪೋಸ್ಟರ್ ಬಂದಿದೆ, ಈ ಸಲ ಬೇರೆ ತೋಟ, ಬೇರೆ ಬ್ಯಾಂಡ್. ಪಾರ್ಕಿಂಗ್ ಎಲ್ಲಿ ಅಂತ ಮೆಸೇಜ್ ಹಾಕಿದೆ. ನೋಡಿದ್ದಾರೆ, ಉತ್ತರ ಕೊಟ್ಟಿಲ್ಲ.